ಅಪ್ಪ ಕೊಟ್ಟ ಸಸಿಗಳು

ಭೂತಮ್ಮತ್ತೆಗೆ ನಮಸ್ಕಾರ.

ಹೀಗೆ ಪತ್ರ ಬರೆಯುತ್ತಿರುವುದಕ್ಕೆ ಸಾರಿ ಅತ್ತೆ. ಫೋನಿನಲ್ಲಿ ಕೇಳಲು ನಾಚಿಕೆಯಾಯಿತು.

ಏರ್‌ಪೋರ್ಟಿಗೆಂದು ನಮ್ಮ ಜಮೀನಿನಲ್ಲಿ ಸರ್ವೆ ಕಲ್ಲು ನೆಟ್ಟಾಗ ಇಂಗ್ಲಿಷ್ ನೋಟಿಸ್ ಓದಿದ್ದು ನಾನೇ. ಮೊದಲ ಪುಟ ಮಾತ್ರ ಓದಿ, "ಇದು ಫೈನಲ್ ಅಪ್ಪ, ಇನ್ನೇನೂ ನೆಡಬೇಡಿ" ಎಂದುಬಿಟ್ಟೆ. ಆಕ್ಷೇಪಣೆಗೆ ಅವಕಾಶವಿದೆ ಎಂದು ಕೊನೆಯ ಪುಟದಲ್ಲಿತ್ತು. ಅಪ್ಪ, "ಓದಿರೋ ಮಗ್ಳು ಹೇಳ್ತಾವ್ಳೆ, ಬುಡು" ಎಂದು, ವರ್ಷವಿಡೀ ನೀರು ಹಾಕಿ ಬೆಳೆಸಿದ ಮುನ್ನೂರು ಕಾಫಿ ಸಸಿಗಳನ್ನು ಮಗ್ಗೆ ಊರಿನ ನಿಮ್ಮ ತೋಟಕ್ಕೆ ಕಳಿಸಿಬಿಟ್ಟರು.

ಈಗ ಸರ್ಕಾರ ಬದಲಾಗಿದೆ. ಒಬ್ಬ ಮಂತ್ರಿ ಏರ್‌ಪೋರ್ಟ್ ಬೇರೆ ಕಡೆ ಎನ್ನುತ್ತಾರೆ, ಇನ್ನೊಬ್ಬರು ಇಲ್ಲೇ ಎನ್ನುತ್ತಾರೆ. ಕಲ್ಲುಗಳು ಹಾಗೇ ಇವೆ. ಅಪ್ಪ ನನಗೆ ಒಂದು ಮಾತೂ ಬೈದಿಲ್ಲ. ಬೆಳಿಗ್ಗೆ ಎದ್ದವರೇ ಸಸಿಗಳಿದ್ದ ಖಾಲಿ ಚಪ್ಪರದಡಿ ಸ್ವಲ್ಪ ಹೊತ್ತು ನಿಂತು ಬರುತ್ತಾರಂತೆ. ಅಮ್ಮ ಹೇಳಿದಳು.

ನೆಡದೆ ಉಳಿದ ಸಸಿಗಳಿದ್ದರೆ ಐವತ್ತಾದರೂ ವಾಪಸ್ ಕಳಿಸುತ್ತೀರಾ? ನಾನು ಕೇಳಿದೆ ಎನ್ನಬೇಡಿ, ಜಾಗ ಸಾಲಲಿಲ್ಲ ಅನ್ನಿ. ಏರ್‌ಪೋರ್ಟ್ ಬಂದರೆ ಬರಲಿ, ಅಲ್ಲಿಯವರೆಗೆ ಅಪ್ಪ ನೆಡಲಿ. ಎಲ್ಲ ನೆಟ್ಟಾಗಿದ್ದರೆ ಕೀಳಬೇಡಿ ಅತ್ತೆ, ಎಷ್ಟು ಬೇರು ಹಿಡಿದವು ಎಂದು ಅಪ್ಪನಿಗೆ ತಿಳಿಸಿ.

ನೆಡುವ ದಿನಗಳು ಮುಗಿಯುತ್ತಿವೆ. ಯಾರ ಕೈಲಾದರೂ ಬೇಗ ಉತ್ತರ ಬರೆಸಿ.

ನಿಮ್ಮ ತಮ್ಮನ ಮಗಳು,
ಚೈತ್ರಶ್ರೀ
ಹಾಸ್ಟೆಲ್, ಹಾಸನ