ತುಟಿ ಒಡೆದಿದೆ ಎಂದ ದಿನ

ಚಿಕ್ಕಪ್ಪ ನಾಗಯ್ಯನವರಿಗೆ ಸಿದ್ದರಾಜುವಿನ ನಮಸ್ಕಾರ.

ವಿಶ್ವವಿದ್ಯಾಲಯದ ಬ್ಯಾಂಡಿಗೆ ಸೇರಿದ ಸಹಾಯಕ ವಾದಕರೆಲ್ಲ ತಾವು ಎಲ್ಲಿ ನುಡಿಸಲು ಕಲಿತೆವೆಂದು ಬರೆದುಕೊಡಬೇಕಿತ್ತು. ಒಬ್ಬಳು ಚರ್ಚ್ ಎಂದಳು, ಇನ್ನೊಬ್ಬ ಪೊಲೀಸ್ ಬ್ಯಾಂಡ್ ಎಂದ. ನಾನು ‘ಅಪ್ಪನ ಬ್ಯಾಂಡ್ ಸೆಟ್, ಉಮ್ಮತ್ತೂರು’ ಎಂದು ಬರೆದೆ. ಅಂದಿನಿಂದ, ಅಭ್ಯಾಸ ಮುಗಿದು ಎಲ್ಲರೂ ನಿಲ್ಲಿಸಿದ ಮೇಲೂ ಒಂದು ಕ್ಲಾರಿನೆಟ್ ನಿಲ್ಲುವುದಿಲ್ಲ. ನನಗೊಬ್ಬನಿಗೇ ಕೇಳುತ್ತದೆ.

ನಮ್ಮ ಸೆಟ್ಟಿನವರು ಸತ್ತರೆ ಅವರ ವಾದ್ಯವನ್ನು ಮಗನೇ ನುಡಿಸುತ್ತಾ ಹೆಣದ ಮುಂದೆ ನಡೆಯಬೇಕು. ಅಪ್ಪ ಹೋದ ದಿನ ನೀವು ಅವರ ಕ್ಲಾರಿನೆಟ್ ನನ್ನ ಕೈಗಿಟ್ಟು, “ಊದ್ಲಾ ಮಗ, ನಿಮ್ಮಪ್ಪ ಕಾಯ್ತಾವ್ನೆ” ಅಂದಿರಿ. ಕಾಲೇಜಿನ ಸ್ನೇಹಿತರು ಬಂದಿದ್ದರು. ನಾಚಿಕೆಯಾಗಿ, ತುಟಿ ಒಡೆದಿದೆ ಎಂದು ಸುಳ್ಳು ಹೇಳಿದೆ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಅಪ್ಪನ ಕ್ಲಾರಿನೆಟ್ ನಾನು ಊದುತ್ತೇನೆ, ನೀವು ಡ್ರಮ್ಮು ತನ್ನಿ. ಮನೆಯಿಂದ ಮಣ್ಣು ಮಾಡಿದ ಜಾಗದವರೆಗೂ ಬಾರಿಸಿಕೊಂಡು ಹೋಗೋಣ. ಅಪ್ಪ ಇನ್ನೂ ಮನೆಯಿಂದ ಹೊರಟೇ ಇಲ್ಲ.

ನಿಮ್ಮ ಮಗನಂಥ,
ಸಿದ್ದರಾಜು