ತಳ ಮುಟ್ಟದ ಗಜ

ವಿಂಟನ್ ಕೌಂಟಿ, ಓಹಾಯೊ
ಡಿಸೆಂಬರ್ 28, ಭಾನುವಾರ

ವರ್ಲಿನಣ್ಣಾ,

ಕ್ಷೇಮವೇ ಎಂದು ಕೇಳುವಷ್ಟು ಸೌಜನ್ಯ ಈ ಹೊತ್ತು ನನ್ನಲ್ಲಿಲ್ಲ. ಅಕ್ಟೋಬರಿನಲ್ಲಿ ನೀನು ನನಗೆ ಮಾರಿದ ಕೇಪಿನ ಕೋವಿಯ ನಾತ ಇನ್ನೂ ಕೈಯಿಂದ ಹೋಗಿಲ್ಲ. ಮೂರು ಸಲ ಸೋಪು ಹಚ್ಚಿದೆ. ಥೂ!

“ಎರಡೇ ಸಲ ಹಾರಿಸಿದ್ದು ಕಣೇ ನೋರೀನ್, ಬಿಸಿನೀರಲ್ಲಿ ತೊಳ್ದು ಎಣ್ಣೆ ಹಾಕಿಟ್ಟಿದೀನಿ, ಕಣ್ಮುಚ್ಕೊಂಡು ತಗೊ” ಅಂದಿದ್ದೆ ನೀನು. ಹಾಗೇ ತಗೊಂಡೆ. ಹೊರಗೆ ಹೊಸ ಮಾದರಿಯ ಇನ್‌ಲೈನ್ ಕೋವಿಯ ಥಳಕು, ಮೇಲೆ ದುರ್ಬೀನು ಬೇರೆ. ನಳಿಗೆಯ ಬಾಯಿಗೆ ಬೆರಳಿಂದ ಅರಿವೆ ತುರುಕಿ ತೆಗೆದರೆ ಕೆಂಪು ತುಕ್ಕು, ಕೊಳೆತ ಮೊಟ್ಟೆಯ ವಾಸನೆ. ಹಿಂಬದಿಯ ತಿರುಪು ಬಿರಡೆ ನಳಿಗೆಗೇ ಬೆಸೆದುಹೋಗಿತ್ತು. ತಿರುಗಿಸಲು ಹೋಗಿ ಬೆರಳ ಗೆಣ್ಣಿನ ಚರ್ಮ ಕಿತ್ತುಬಂತು. ನಮ್ಮ ಮನೆಯಲ್ಲಿ ಹುಟ್ಟಿದವನು ಮದ್ದಿನ ಕೋವಿಯನ್ನು ತೊಳೆಯದೆ ಇಡುತ್ತಾನೆಂದರೆ ಹೇಸಿಗೆಯಾಗುತ್ತದೆ ಅಣ್ಣಾ.

ಜನವರಿಯ ಜಿಂಕೆ ಬೇಟೆಗೆ ಮುಂಚೆ ಗುರಿ ನೋಡೋಣವೆಂದು ಸೋಮವಾರ ಕೊಟ್ಟಿಗೆಯ ಹಿಂದೆ ಹೋದೆ. ಮದ್ದು ಗುಂಡಿನ ಈಡು ತುಂಬುವ ಮೊದಲು ಒಳಗಿನ ಎಣ್ಣೆ ಒಣಗಲೆಂದು ಬರೀ ಕಿಡಿಯ ಕೇಪು ಹೊಡೆಯುತ್ತೇವಲ್ಲ, ಹಾಗೆ ಎರಡು ಹೊಡೆದೆ. ಟಪ್ ಅಂದಿತು ಅಷ್ಟೇ. ಕಿಡಿ ಹೋಗುವ ತೂತೂ ಕಟ್ಟಿದೆಯೆಂದು ನಿನ್ನನ್ನು ಬಾಯಿಗೆ ಬಂದಂತೆ ಬೈದು, ಕೋವಿ ರಿಪೇರಿಯ ಕ್ಲೀಟಸ್ ಹತ್ತಿರ ಒಯ್ದೆ.

ಅವನು ಬಿರಡೆ ಮುಟ್ಟುವ ಮೊದಲು ನಳಿಗೆಯೊಳಗೆ ಮದ್ದು ದಟ್ಟಿಸುವ ಗಜವನ್ನು ಇಳಿಬಿಟ್ಟ. ಖಾಲಿಯಿದ್ದರೆ ತಳಕ್ಕೆ ಬಡಿದು ಟಣ್ ಅನ್ನಬೇಕು. ಅರ್ಧ ಗೇಣು ಮೇಲೆಯೇ ನಿಂತಿತು. “ಅಕ್ಕಾ, ಒಳಗೆ ಈಡಿದೆ. ಒಂದರ ಮೇಲೊಂದು ಎರಡು! ತುಕ್ಕು ಕಟ್ಟಿರದಿದ್ರೆ ನಿಮ್ಮ ಮುಖ ಇರ್ತಿರಲಿಲ್ಲ. ಯಾವ ಪುಣ್ಯಾತ್ಮ ಮಾರಿದ್ದು ಇದನ್ನ?” ಅಂದ. ಯಾರೋ ಗುರುತಿಲ್ಲದವನು ಎಂದು ಸುಳ್ಳು ಹೇಳಿದೆ.

ನನ್ನದೂ ತಪ್ಪಿದೆ. ಗಜ ಇಳಿಸಿ ನೋಡದೆ ಕೇಪು ಇಡಬೇಡ ಎಂದು ಹನ್ನೆರಡರ ವಯಸ್ಸಿನಲ್ಲಿ ನನಗೆ ಕಲಿಸಿದ್ದು ನೀನೇ. ನಿನ್ನ ಕೋವಿಯಲ್ಲವೇ ಎಂದು ನೋಡಲಿಲ್ಲ.

ನಿನ್ನೆ ನಾನು ಫೋನಿನಲ್ಲಿ ಕೇಳಿದರೆ ನೀನು “ಯಾವ ಕೋವಿ? ನಾನೆಲ್ಲಿ ಮಾರ್ದೆ?” ಎಂದು ನಕ್ಕೆ. ನಾಟಕ ಆಡಬೇಡ ಎಂದು ನಾನು ಕೂಗಿ ಫೋನು ಕುಕ್ಕಿದೆ. ಆಮೇಲೆ ಫೋನು ಮತ್ತೆ ಕೈಗೆತ್ತಿಕೊಂಡು ಕೆಳಗಿಟ್ಟೆ. ನೀನು ನಾಟಕ ಆಡುವವನಲ್ಲ.

ಕೋಪ ಇನ್ನೂ ಇಳಿಯದ ನಿನ್ನ ತಂಗಿ,
ನೋರೀನ್

ತಾ.ಕ.: ಇವತ್ತು ನೀನು ಚರ್ಚಿನಲ್ಲಿದ್ದಾಗ ಡಾಟಿ ಅತ್ತಿಗೆ ನಿನ್ನ ಶೆಡ್ಡಿನ ಬೀಗ ತೆಗೆದುಕೊಟ್ಟಳು. ಉಳಿದ ಮೂರು ಕೋವಿಗಳಿಗೂ ಗಜ ಇಳಿಸಿದೆ. ಮೂರೂ ತುಂಬಿದ್ದವು. ಕಳೆದ ತಿಂಗಳು ನೀನು ಚರ್ಚಿನಿಂದ ಮನೆಗೆ ಬರುವ ದಾರಿ ತಪ್ಪಿದ್ದನ್ನು ಅತ್ತಿಗೆ ಆಗ ಹೇಳಿದಳು. ಕೋವಿಗಳನ್ನು ನಾನೇ ತಂದಿದ್ದೇನೆ, ಬೈಯಬೇಕೆನಿಸಿದರೆ ಬೈಯಿ. ಮಂಗಳವಾರ ಒಂಬತ್ತಕ್ಕೆ ಬರುತ್ತೇನೆ, ಡಾಕ್ಟರ ಹತ್ತಿರ ಹೋಗೋಣ. ಫೋನಿನಲ್ಲಿ ಹೇಳಬಹುದಿತ್ತು. ಕಾಗದವಾದರೆ, ಮರೆತಾಗಲೆಲ್ಲ ಮತ್ತೆ ಓದಬಹುದು ಎಂದು ಬರೆದೆ ಅಣ್ಣಾ.