ದುಂಡಗಿನ ರಕ್ತಕಣಗಳು

ಡಾಕ್ಟರ್ ಮಾಮ,

ಚಾಮರಾಜಪೇಟೆಯ ನಿಮ್ಮ ಕ್ಲಿನಿಕ್ಕಿಗೆ ಅಮ್ಮ ನನ್ನನ್ನು ಮೊದಲ ಸಲ ಕರೆತಂದಾಗ ನನ್ನ ಕಣ್ಣು ಎಂದಿನಂತೆ ಹಳದಿಯಾಗಿತ್ತು. ಅದು ಕಾಮಾಲೆಯೆಂದು ಮನೆಯವರೆಲ್ಲ ತೀರ್ಮಾನಿಸಿ ಬಹಳ ಕಾಲವಾಗಿತ್ತು. ಎಣ್ಣೆಯಿಲ್ಲ, ಉಪ್ಪಿಲ್ಲ, ಬೆಳಗಾದರೆ ಕಿರುನೆಲ್ಲಿ ರಸ. ನೀವು ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆ ಒತ್ತಿ ನೋಡಿ, ಅಮ್ಮನಿಗೆ ಹೇಳಿದಿರಿ: "ಯಾವ ತಪ್ಪಿಗೆ ತಾಯಿ ಈ ಮಗೂಗೆ ಸಪ್ಪೆ ಊಟ? ಲಿವರ್ ಚೆನ್ನಾಗೇ ಇದೆ. ಹೋಗ್ತಾ ಎರಡು ಬೋಂಡ ಕೊಡ್ಸಿ." ಉಪ್ಪಿನ ರುಚಿ ನನಗೆ ನಿಮ್ಮಿಂದ ಬಂದದ್ದು. ಇದಕ್ಕೆ ಕೃತಜ್ಞತೆ ಎಂದರೆ ಮಾತು ತುಸು ದೊಡ್ಡದಾಗುತ್ತದೆ, ಆದರೂ...

ಚೆಂಡಿನ ಪಾಠ ನೆನಪಿದೆಯೇ? ಅರ್ಧ ಗಾಳಿ ಇಳಿದ ರಬ್ಬರ್ ಚೆಂಡನ್ನು ಕಿಟಕಿಯ ಸರಳುಗಳ ನಡುವೆ ಒತ್ತಿದಿರಿ. ಮೈ ಬಳುಕಿಸಿ ಬೀದಿಗೆ ಬಿತ್ತು. "ಯಾರ್ರೀ ಅದು, ಟೊಮೆಟೊ ಮೇಲೆ!" ಎಂದ ತರಕಾರಿ ಗಾಡಿಯವನು. "ಪಾಠ ನಡೀತಿದೆ ಕಣಪ್ಪಾ, ಬೈಬೇಡ!" ಎಂದಿರಿ ನೀವು. ಗಾಳಿ ತುಂಬಿದ ಇನ್ನೊಂದು ಚೆಂಡು ಸರಳಿಗೇ ಸಿಕ್ಕಿಕೊಂಡಿತು. ರಕ್ತಕಣದ ಪೊರೆಯ ಕೆಳಗೆ ಪ್ರೋಟೀನಿನ ಹಂದರವಿದೆ, ಎಳೆದರೆ ಹಿಗ್ಗಿ ಬಿಟ್ಟರೆ ಮೊದಲಿನಂತಾಗುವ ಬಲೆ. ಅದರಿಂದಲೇ ಕಣ ತನಗಿಂತ ಕಿರಿದಾದ ಸಂದಿಯಲ್ಲೂ ನುಸುಳುತ್ತದೆ ಎಂದಿರಿ. ನನ್ನ ಕಣಗಳಲ್ಲಿ ಆ ಹಂದರಕ್ಕೂ ಪೊರೆಗೂ ಇರುವ ಕಟ್ಟು ಸಡಿಲ. ಪೊರೆ ಚೂರುಚೂರೇ ಕಳಚಿ, ಕಣ ದುಂಡಗೆ ಬಿಗಿದುಕೊಂಡು, ಹೊಟ್ಟೆಯ ಎಡಬದಿಯ ಗುಲ್ಮದ, ಅಂದರೆ ಸ್ಪ್ಲೀನಿನ, ಸಂದಿಗಳಲ್ಲಿ ಸಿಕ್ಕಿ ನಾಶವಾಗುತ್ತದೆ. ಕಣ್ಣಿಗೆ ಹಳದಿ ಬರುವುದು ಹಾಗೆ ಒಡೆದ ಕಣಗಳ ಬಣ್ಣದಿಂದ. ನನ್ನೊಳಗೆ ನಡೆಯುತ್ತಿದ್ದುದನ್ನು ಶಾಪವೆನ್ನದೆ ಬರೀ ಒಂದು ಕಟ್ಟಡದ ವಿಷಯದಂತೆ ಹೇಳಿದವರು ನೀವೊಬ್ಬರೇ.

ಮದುವೆಯಾದ ಮೇಲೆ ಒಬ್ಬಳೇ ಬಂದು ಕೇಳಿದ್ದೆ, ಮಗುವಿಗೂ ಬಂದರೆ? "ಬರಬಹುದು, ಬರದೇನೂ ಇರಬಹುದು. ನಿಂಗೆ ಹುಟ್ಟಿದ್ದಕ್ಕೆ ಬೇಜಾರಿದ್ಯಾ?" ಇಲ್ಲವೆಂದೆ. "ಮತ್ತೆ?" ಅಷ್ಟೇ ನಿಮ್ಮ ಸಲಹೆ. ಮಗಳು ಹುಟ್ಟುವ ಮೊದಲೇ ನೀವು ತೀರಿಹೋದಿರಿ. ಅವಳ ಕಣ್ಣೂ ಹಳದಿ. ನನ್ನ ಪರವಾಗಿ ನಾನು ಉತ್ತರ ಕೊಟ್ಟಿದ್ದೆ, ಸರಿ. ಅವಳ ಪರವಾಗಿ ಕೊಡಲು ನಾನು ಯಾರು? ಅವಳು ಎಂದಾದರೂ ಕೇಳುತ್ತಾಳೆಂದು ಇಷ್ಟು ಕಾಲ ಒಳಗೊಳಗೇ ಹೆದರುತ್ತಿದ್ದೆ.

ಕಳೆದ ಭಾನುವಾರ ಎನ್.ಆರ್. ಕಾಲೋನಿಯ ನಮ್ಮ ಮನೆಯಲ್ಲಿ, ನೆನೆಸಿದ ಅವರೆಕಾಳಿನ ಸಿಪ್ಪೆ ಹಿಸುಕುತ್ತ ಕೂತಿದ್ದಾಗ ಕೇಳಿಯೇಬಿಟ್ಟಳು.

"ಅಮ್ಮಾ, ಗೊತ್ತಿದ್ದೂ ಹೆತ್ಯಾ ನನ್ನ?"

"ಹೂಂ."

"ಯಾರೂ ಬೇಡ ಅನ್ಲಿಲ್ವಾ?"

"ಒಬ್ರನ್ನೇ ಕೇಳಿದ್ದು."

ನೀವು ಅಂದದ್ದನ್ನು ಹೇಳಿದೆ. ಅವಳು ಇನ್ನೊಂದು ಕಾಳು ಹಿಸುಕಿ ಪಾತ್ರೆಗೆ ಹಾಕಿದಳು. ನಾನು ಪಾತ್ರೆಯನ್ನೇ ನೋಡುತ್ತಿದ್ದೆ.

"ಹುಟ್ಟಿದ್ದಕ್ಕಾ? ಇಲ್ಲಪ್ಪ. ಈ ಅವರೆಕಾಳು ಹಿಸುಕೋಕೆ ಮಾತ್ರ ಬೇಜಾರು. ಹೇಳ್ಬಿಡು ಅವ್ರಿಗೆ."

ಹೇಳುತ್ತಿದ್ದೇನೆ, ಮಾಮ.